ತಂತಿ ಕೆಳಗಿನ ರಾಗಿ

ನಮ್ಮ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ದುಡಿದ ಆ ಮನುಷ್ಯ ಕುರ್ಚಿಯ ಮೇಲೆ ಕೂತಿದ್ದನ್ನು ನಾನು ನೋಡಿದ ನೆನಪಿಲ್ಲ. ಅವರಿಗೂ ಒಂದು ಕುರ್ಚಿ ಕೊಟ್ಟಿದ್ದರು. ಅದರ ಮೇಲೆ ಸದಾ ರಿಪೇರಿಗೆ ಕಾದ ಮೀಟರುಗಳು ಕೂತಿರುತ್ತಿದ್ದವು. ಅವರು ಪಕ್ಕದ ಮೇಜಿಗೆ ಸೊಂಟ ಒರಗಿಸಿ, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತಾ ನಿಂತಿರುತ್ತಿದ್ದರು. ಲೆಕ್ಚರರ್ ಅಲ್ಲ, ಲ್ಯಾಬ್ ಇನ್‌ಸ್ಟ್ರಕ್ಟರ್. ಓದು ಬಿ.ಎಸ್‌ಸಿ.ಗೇ ನಿಂತಿತ್ತು. ನಿನ್ನೆ ಮೊನ್ನೆ ಸೇರಿದ ಲೆಕ್ಚರರುಗಳು ಅವರನ್ನು ಕೂಗಿ ಕರೆಯುತ್ತಿದ್ದರು, ಅವರು ನಡೆದು ಹೋಗುತ್ತಿದ್ದರು. ತೀರಿಕೊಂಡು ಎರಡು ತಿಂಗಳಾಯಿತು. ಹೆಸರು ಬರೆಯುವುದಿಲ್ಲ. ಬೋರ್ಡಿನ ಮೇಲೆ, ಆಹ್ವಾನ ಪತ್ರಿಕೆಯ ಮೇಲೆ ಎಲ್ಲಿಯೂ ಬರದ ಹೆಸರನ್ನು ನಾನು ಇಲ್ಲಿ ತಂದು ಕೂರಿಸಿದರೆ ಅವರಿಗೆ ಮುಜುಗರವಾಗುತ್ತಿತ್ತು.

ರೀಡಿಂಗ್ ತೆಗೆಯುವ ಮುಂಚೆ ಮೀಟರಿನ ಗಾಜಿಗೆ ಉಗುರಿನಿಂದ ಎರಡು ಸಲ ತಟ್ಟುವುದು ಅವರ ಅಭ್ಯಾಸ. ಒಳಗಿನ ಮುಳ್ಳು ಎಲ್ಲಾದರೂ ಅಂಟಿಕೊಂಡಿದ್ದರೆ ಬಿಟ್ಟುಕೊಳ್ಳಲಿ ಎಂದು. ಅಭ್ಯಾಸ ಎಷ್ಟು ಬೇರೂರಿತ್ತೆಂದರೆ ಕ್ಯಾಂಟೀನಿನಲ್ಲಿ ಕಾಫಿ ಲೋಟಕ್ಕೂ ಹಾಗೇ ತಟ್ಟಿ ಆಮೇಲೆ ಕುಡಿಯುತ್ತಿದ್ದರು. ಹುಡುಗರು ಅದನ್ನು ಅಣಕಿಸುತ್ತಿದ್ದರು. ಅವರಿಗೆ ಗೊತ್ತಿತ್ತು, ಬೇಸರವಿರಲಿಲ್ಲ.

ಬೇಸರವಾಗುತ್ತಿದ್ದದ್ದು ಒಂದಕ್ಕೇ. ಪ್ರಾಕ್ಟಿಕಲ್ಲಿನಲ್ಲಿ ಹುಡುಗರು ಪುಸ್ತಕದ ಉತ್ತರ ನೋಡಿಕೊಂಡು ಅದಕ್ಕೆ ತಕ್ಕ ರೀಡಿಂಗನ್ನು ತಾವೇ ಬರೆದು ತರುವುದು ಎಲ್ಲ ಕಾಲೇಜುಗಳಲ್ಲೂ ಇದ್ದದ್ದೇ. ನಾವೆಲ್ಲ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ಅವರು ರೆಕಾರ್ಡನ್ನು ಹತ್ತಿರ ಹಿಡಿದು ನೋಡಿ, “ಏನಪ್ಪಾ, ಬಾಳ ಚೆನ್ನಾಗ್ ಬಂದೈತೆ. ಇಷ್ಟ್ ಚೆನ್ನಾಗ್ ಬಂದ್ರೆ ನಂಬಕ್ಕಾಗಲ್ಲ. ಇನ್ನೊಂದ್ ಸಲ ಮಾಡ್ಬಿಡು” ಎನ್ನುತ್ತಿದ್ದರು. ಬೈಗುಳವಿಲ್ಲ, ದನಿ ಏರಿಸುವುದಿಲ್ಲ. ಹುಡುಗ ಎರಡನೇ ಸಲ ಮಾಡಿ ಮುಗಿಸುವವರೆಗೆ ತಾವೂ ಮನೆಗೆ ಹೋಗುತ್ತಿರಲಿಲ್ಲ. ಸಂಜೆ ಐದೂವರೆಗೆ ಫಿಸಿಕ್ಸ್ ಲ್ಯಾಬಿನಲ್ಲಿ ದೀಪ ಉರಿಯುತ್ತಿದ್ದರೆ ಯಾರೋ ಒಬ್ಬ ಸಿಕ್ಕಿಬಿದ್ದಿದ್ದಾನೆಂದು ಅರ್ಥ.

ನಾನು ಬಾಟನಿಯವಳು. ನಮ್ಮ ವಿಭಾಗ ಅವರ ಲ್ಯಾಬಿನ ಎದುರಿಗೇ ಇದ್ದರೂ ಹತ್ತು ವರ್ಷ ನಮ್ಮ ನಡುವೆ ನಮಸ್ಕಾರದಾಚೆಗೆ ಏನೂ ಇರಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು. “ಮೇಡಂ, ನಿಮ್ ತಕ್ಕಡಿ ಎಷ್ಟು ಸಣ್ಣದ್ ತೂಗ್ತದೆ?”

“ಏನು ತೂಗ್ಬೇಕು ಸಾರ್?”

“ರಾಗಿ. ನಾಕು ಪೆಟ್ಟಿಗೆ ರಾಗಿ, ಇನ್ನೊಂದ್ ನಾಕು ಪೆಟ್ಟಿಗೆ ರಾಗಿ. ಎರಡಕ್ಕೂ ಏನಾದ್ರೂ ವ್ಯತ್ಯಾಸ ಐತಾ ಅಂತ ನೋಡ್ಬೇಕು.”

ಆಮೇಲೆ ನಿಂತೇ ವಿವರಿಸಿದರು. ಚೂಪಾದ ಸೂಜಿಗೆ ಸಾವಿರಾರು ವೋಲ್ಟಿನ ವಿದ್ಯುತ್ ಕೊಟ್ಟರೆ ಅದರ ತುದಿಯಿಂದ ವಿದ್ಯುತ್ತು ಸುತ್ತಲ ಗಾಳಿಗೆ ಸೋರುತ್ತದೆ. ಗಾಳಿಯ ಕಣಗಳು ಆ ವಿದ್ಯುದಂಶವನ್ನು ಹೊತ್ತುಕೊಂಡು ಕೆಳಗಿನ ಎಲೆಗಳ ಮೇಲೆ ಇಳಿಯುತ್ತವೆ. ಅಂಥ ಗಾಳಿಯಲ್ಲಿ ಗಿಡ ಬೇಗ ಬೆಳೆಯುತ್ತದೆ, ಇಳುವರಿ ಹೆಚ್ಚುತ್ತದೆ ಎಂದವರಿದ್ದಾರೆ. ಹಾಗೇನೂ ಇಲ್ಲ, ಅದೆಲ್ಲ ಭ್ರಮೆ ಎಂದವರೂ ಇದ್ದಾರೆ. “ಇಬ್ರೂ ದೊಡ್ಡೋರೇ ಮೇಡಂ. ಅದುಕ್ಕೇ ನಾನೇ ನೋಡ್ಬಿಡಾಣ ಅಂತ.”

ಈ ಹುಳು ಅವರ ತಲೆಗೆ ಹೊಕ್ಕಿದ್ದು ಚಿಕ್ಕಂದಿನಲ್ಲಿ. ಅವರದು ಮಾರೇನಹಳ್ಳಿಯ ಹಳೆಯ ಒಕ್ಕಲು ಮನೆತನ. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಚಪ್ಪಲಿ ಅಂಗಡಿ, ಸೀರೆ ಅಂಗಡಿ, ಒಂದು ಕಲ್ಯಾಣ ಮಂಟಪ. ಆ ಹೊಲದ ಮೇಲೆ ದೊಡ್ಡ ಕರೆಂಟ್ ಲೈನ್ ಹಾದುಹೋಗುತ್ತಿತ್ತು. ಲೈನಿನ ಕೆಳಗಿನ ಸಾಲಿನ ರಾಗಿ ಪ್ರತಿ ವರ್ಷವೂ ಅಕ್ಕಪಕ್ಕದ ಸಾಲಿಗಿಂತ ಒಂದು ಗೇಣು ಎತ್ತರ ಇರುತ್ತಿತ್ತಂತೆ. ಕರೆಂಟ್ ಗಾಳಿಯಿಂದ ಹೀಗೆ ಆಗಿದೆಯಾ ಎಂದು ಕೇಳಿದ್ದಕ್ಕೆ ಅಪ್ಪ, “ತಂತಿ ಮ್ಯಾಲೆ ಕುಂತ್ಕೊಳೋ ಕಾಗೆ ಹಿಕ್ಕೆ ಕಣ್ಲಾ ಅದು” ಎಂದು ನಕ್ಕಿದ್ದರಂತೆ. ಇದನ್ನು ಹೇಳಿ ಅವರೂ ನಗುತ್ತಿದ್ದರು. ಆದರೆ ಅಪ್ಪನ ಉತ್ತರ ಅವರಿಗೆ ಸಾಕಾಗಿರಲಿಲ್ಲ.

ಮಾರೇನಹಳ್ಳಿಯ ಅವರ ಮನೆ ಮೂವತ್ತು ನಲವತ್ತರ ಸೈಟಿನದು. ಕೆಳಗಡೆ ಬಾಡಿಗೆಯವರು, ಮೇಲೆ ಇವರು. ಹೆಂಡತಿ ತೀರಿಹೋಗಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಬ್ಯಾಡರಹಳ್ಳಿಯಲ್ಲಿದ್ದಳು. ಮನೆಯಲ್ಲಿದ್ದದ್ದು ಇವರು ಮತ್ತು ಇವರ ಅವ್ವ. ಟೆರೇಸಿನ ಮೇಲೆ ಮೀನಿನಂಗಡಿಯಿಂದ ತಂದ ಎಂಟು ಥರ್ಮಕೋಲ್ ಪೆಟ್ಟಿಗೆಗಳು, ಅದರಲ್ಲಿ ಒಂದೇ ರಾಶಿಯಿಂದ ತೂಗಿ ತುಂಬಿಸಿದ ಮಣ್ಣು. ಎಂಟರ ಮೇಲೂ ಸೂಜಿ ಕಟ್ಟಿದ ತಂತಿ ಹಾಯುತ್ತಿತ್ತು. ಆದರೆ ಕರೆಂಟ್ ಹೋಗುತ್ತಿದ್ದದ್ದು ನಾಲ್ಕಕ್ಕೆ ಮಾತ್ರ. ಉಳಿದ ನಾಲ್ಕು ಹೋಲಿಸಿ ನೋಡುವುದಕ್ಕೆ. ನಾಯಂಡಹಳ್ಳಿಯ ಗುಜರಿ ಅಂಗಡಿಗಳಲ್ಲಿ ಹಳೆಯ ಡಬ್ಬಾ ಟೀವಿಗಳನ್ನು ಬಿಚ್ಚಿಸಿ ತಂದ ಟ್ರಾನ್ಸ್‌ಫಾರ್ಮರಿನಿಂದ ಆ ವೋಲ್ಟೇಜ್ ಬರುತ್ತಿತ್ತು. ಸ್ವಿಚ್ ಹಾಕಿದರೆ ಸೂಜಿಗಳು ಸಣ್ಣಗೆ ಬುಸುಗುಡುತ್ತಿದ್ದವು. ಬೆಳಿಗ್ಗೆ ಎಂಟೂ ಪೆಟ್ಟಿಗೆಗೆ ಅಳತೆ ಲೋಟದಲ್ಲಿ ಒಂದೇ ಸಮ ನೀರು ಹಾಕಿ ಕಾಲೇಜಿಗೆ ಬರುತ್ತಿದ್ದರು. ವರ್ಷಕ್ಕೆ ಮೂರು ಬೆಳೆ. ಪ್ರತಿ ಬೆಳೆಗೂ ನಾನು ಬಸವೇಶ್ವರನಗರದ ನನ್ನ ಮನೆಯಿಂದ ಹೋಗಿ ತೆನೆ ಕೊಯ್ದು, ಒಣಗಿಸಿ ಬಡಿದು, ತೂಗಿ ಬರೆದುಕೊಡುತ್ತಿದ್ದೆ. ಯಾವ ಪೆಟ್ಟಿಗೆಗೆ ಕರೆಂಟ್ ಇದೆಯೆಂದು ಗೊತ್ತಿಲ್ಲದವರು ತೂಗಬೇಕು ಎಂದು ಅವರ ಹಟ. ಪೆಟ್ಟಿಗೆಗಳಿಗೆ ನಂಬರ್ ಮಾತ್ರ ಇರುತ್ತಿತ್ತು, ಅದನ್ನೂ ಪ್ರತಿ ಬೆಳೆಗೂ ಬದಲಾಯಿಸುತ್ತಿದ್ದರು.

ಸತ್ಯ ಹೇಳುತ್ತೇನೆ, ನಾನು ಹೋಗುತ್ತಿದ್ದದ್ದು ವಿಜ್ಞಾನದ ಮೇಲಿನ ಪ್ರೀತಿಯಿಂದಲ್ಲ. ಮೊದಲನೇ ಸಲ ಇಲ್ಲ ಅನ್ನಲು ಆಗಲಿಲ್ಲ, ಆಮೇಲೆ ಅದೊಂದು ರೂಢಿಯಾಯಿತು. ಅವರ ಅವ್ವ ಕೊಡುತ್ತಿದ್ದ ಅವರೆಕಾಳು ಉಪ್ಪಿಟ್ಟಿನ ಪಾಲೂ ಸ್ವಲ್ಪ ಇದೆ. ಆದರೆ ಫಲಿತಾಂಶ ಬಂದಾಗ ನನಗೂ ಮೈ ಜುಮ್ಮೆಂದದ್ದು ನಿಜ. ಪ್ರತಿ ಸಲವೂ ಕರೆಂಟಿನ ಕೆಳಗಿನ ನಾಲ್ಕು ಪೆಟ್ಟಿಗೆಗಳ ರಾಗಿಯೇ ಹೆಚ್ಚು ತೂಗುತ್ತಿತ್ತು. ಕಣ್ಣಿಗೇ ಕಾಣುವಷ್ಟು ವ್ಯತ್ಯಾಸ. ಯಾವುದಾದರೂ ವಿಜ್ಞಾನ ಪತ್ರಿಕೆಗೆ ಬರೆದು ಕಳಿಸಿ ಸಾರ್ ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಅವರು ಹಾಳೆಯನ್ನು ಹತ್ತಿರ ಹಿಡಿದು ನೋಡಿ, “ಬಾಳ ಚೆನ್ನಾಗ್ ಬಂದೈತೆ ಮೇಡಂ. ಇನ್ನೊಂದ್ ಸಲ ನೋಡ್ಬಿಡಾಣ” ಎನ್ನುತ್ತಿದ್ದರು. ಹುಡುಗರಿಗೆ ಹೇಳುತ್ತಿದ್ದದ್ದನ್ನೇ ತಮಗೂ ಹೇಳಿಕೊಳ್ಳುತ್ತಿದ್ದರು. ಹೀಗೆ ಆರು ವರ್ಷ ಕಳೆಯಿತು.

ಅವರು ನಿವೃತ್ತರಾಗುವ ತಿಂಗಳಲ್ಲಿ ನಡೆದದ್ದನ್ನು ಈಗ ಬರೆಯಬೇಕು. ಒಂದು ಭಾನುವಾರ ಬೆಳಿಗ್ಗೆ ಬರಲು ಹೇಳಿದ್ದರು. ನಾನು ಹೋದಾಗ ಅವರಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತೆಂದು ಇನ್ನೊಂದು ಹುಡುಕಲು ನಾಯಂಡಹಳ್ಳಿಗೆ ಹೋಗಿದ್ದರು. ನಾನು ನೇರ ಟೆರೇಸಿಗೆ ಹತ್ತಿದೆ. ಅಲ್ಲಿ ಅವರ ಅವ್ವ ಒಂದು ಕೈಯಲ್ಲಿ ಅಕ್ಕಿ ತೊಳೆದ ನೀರಿನ ಚೊಂಬು, ಇನ್ನೊಂದು ಕೈಯಲ್ಲಿ ತೆಂಗಿನ ಚಿಪ್ಪು ಹಿಡಿದು ಪೆಟ್ಟಿಗೆಗಳ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದರು. ಚಿಪ್ಪಿನಲ್ಲಿ ಹಂಡೆ ಒಲೆಯ ಬೂದಿಯೂ ಒಣ ಸಗಣಿಯ ಪುಡಿಯೂ ಬೆರೆತಿದ್ದವು. ಸೋಲಾರ್ ಹಾಕಿಸಿದ್ದರೂ ಆ ಅಜ್ಜಿಗೆ ಸ್ನಾನಕ್ಕೆ ಸೌದೆ ಒಲೆಯ ನೀರೇ ಆಗಬೇಕಿತ್ತು. ಸಗಣಿಯನ್ನು ಹಿಂದಿನ ಬೀದಿಯ ಹಾಲಿನವರ ಮನೆಯಿಂದ ತರುತ್ತಿದ್ದರು. ಈ ಬದಿಯ ನಾಲ್ಕು ಪೆಟ್ಟಿಗೆಗಳ ಪೈರಿನ ಬುಡಕ್ಕೆ ಒಂದೊಂದು ಹಿಡಿ ಹಾಕಿ, ಮೇಲೆ ಅಕ್ಕಿ ನೀರು ಸುರಿದು, ಬೆರಳಿನಿಂದ ಮಣ್ಣು ಎಳೆದು ಮುಚ್ಚುತ್ತಿದ್ದರು.

“ಏನಜ್ಜಿ ಮಾಡ್ತಾ ಇದೀರಿ?”

ಅಜ್ಜಿ ಬೆಚ್ಚಲಿಲ್ಲ. “ಸುಮ್ಕಿರವ್ವ. ಅವನಿಗ್ ಹೇಳ್ಬ್ಯಾಡ. ಮುಟ್ಬ್ಯಾಡ ಅಂದವ್ನೆ.”

“ಮತ್ಯಾಕೆ ಮುಟ್ತೀರಿ?”

“ಇವಕ್ಕೆ ದಿನಾ ಕರೆಂಟು ಹೊಡೀತದಲ್ಲವ್ವ. ಬುಸ್ ಬುಸ್ ಅಂತದೆ ನೋಡು ತಲೆ ಮ್ಯಾಲೆ. ಬಾಯಿಲ್ಲದ ಪೈರು, ಓಡೋಗಕ್ಕಾಗ್ತದಾ? ಏನೋ ಒಸಿ ಶಕ್ತಿ ಬರ್ಲಿ ಅಂತ ಹಾಕ್ತೀನಿ.”

“ಆ ಕಡೆ ನಾಲ್ಕಕ್ಕೆ ಹಾಕಲ್ವಾ?”

“ಅವಕ್ಕೇನಾಗದೆ? ಆರಾಮಾಗವೆ.”

ಎಷ್ಟು ದಿನದಿಂದ ಎಂದು ಕೇಳಿದೆ. ಮೊದಲಿನಿಂದಲೂ ಎಂದರು. ಮಗ ಕಾಲೇಜಿಗೆ ಹೋದ ಮೇಲೆ, ಒಂದು ಮರದ ತುಂಡಿನಿಂದ ಸ್ವಿಚ್ ಆರಿಸಿ, ತಮ್ಮ ಕೆಲಸ ಮುಗಿಸಿ, ಮತ್ತೆ ಹಾಕುತ್ತಿದ್ದರಂತೆ. ಕೆಲವು ದಿನ ಮತ್ತೆ ಹಾಕಲು ಮರೆತೂ ಹೋಗುತ್ತಿತ್ತಂತೆ. ಹೊಲ ಮಾಡಿದ ಹೆಂಗಸು, ಕಷ್ಟದಲ್ಲಿರುವ ಪೈರನ್ನು ನೋಡಿಕೊಂಡು ಸುಮ್ಮನಿರಲು ಆಕೆಗೆ ಬರುತ್ತಿರಲಿಲ್ಲ. ನಾನು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಆರು ವರ್ಷದಿಂದ ನಾನು ತೂಗಿ ಬರೆದದ್ದೆಲ್ಲ ಬೂದಿ, ಸಗಣಿ ಮತ್ತು ಅಕ್ಕಿ ನೀರಿನ ಲೆಕ್ಕ. ಗಾಳಿಯದಲ್ಲ. ಬಾಟನಿ ಎಂ.ಎಸ್‌ಸಿ. ಮಾಡಿದ ನಾನು ಒಂದು ದಿನವೂ ಆ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಿರಲಿಲ್ಲ.

ಅರ್ಧ ಗಂಟೆಯಲ್ಲಿ ಅವರು ಬಂದರು, ಕೈಚೀಲದಲ್ಲಿ ಗುಜರಿ ಟ್ರಾನ್ಸ್‌ಫಾರ್ಮರ್, ಮುಖದ ತುಂಬ ಬೆವರು. ನಾನು ಹೇಳಲಿಲ್ಲ. ಮುಂದಿನ ವಾರ ಅವರ ಬೀಳ್ಕೊಡುಗೆ, ಅದು ಮುಗಿಯಲಿ ಎಂದುಕೊಂಡೆ. ಅದು ಮುಗಿಯಿತು. ಒಂದು ಶಾಲು, ಒಂದು ಹಣ್ಣಿನ ಬುಟ್ಟಿ, ಪ್ರಿನ್ಸಿಪಾಲರು ಅವರ ವಿಭಾಗವನ್ನೇ ತಪ್ಪಾಗಿ ಹೇಳಿದ ಒಂದು ಭಾಷಣ. ಅಂಥ ದಿನ ಇನ್ನೊಂದು ಪೆಟ್ಟು ಕೊಡುವುದು ಬೇಡವೆನಿಸಿತು. ಆಮೇಲೆ ಅವರ ಕಿಡ್ನಿ ಕೆಟ್ಟಿರುವುದು ತಿಳಿಯಿತು, ವಾರಕ್ಕೆ ಎರಡು ಸಲ ಡಯಾಲಿಸಿಸ್. ಈ ಸ್ಥಿತಿಯಲ್ಲಿ ಹೇಗೆ ಹೇಳುವುದು ಎಂದುಕೊಂಡೆ. ಅಜ್ಜಿ ಬೇರೆ ಹೇಳಬೇಡ ಎಂದಿದ್ದರು.

ಹೀಗೆ ಎರಡು ವರ್ಷ. ಮಗ ಮನೆಯಲ್ಲೇ ಇರುತ್ತಿದ್ದರಿಂದ ಅಜ್ಜಿಗೆ ಡಯಾಲಿಸಿಸ್ ದಿನಗಳು ಮಾತ್ರ ಸಿಗುತ್ತಿದ್ದವು. ವ್ಯತ್ಯಾಸವೂ ಕಡಿಮೆಯಾಯಿತು. “ಯಾಕೋ ಮೊದಲಿನಷ್ಟು ಬರ್ತಾ ಇಲ್ಲ ಮೇಡಂ. ಸೂಜಿ ಮೊಂಡಾಗಿರ್ಬೇಕು” ಎಂದು ಅವರು ಒಂದೊಂದೇ ಸೂಜಿಯನ್ನು ಉಜ್ಜುತ್ತಾ ನಿಂತರು. ಡಯಾಲಿಸಿಸ್ಸಿಗೆ ಸೂಜಿ ಚುಚ್ಚಿ ಊದಿದ ಕೈ. ನಾನು ಎದುರಿಗೇ ಕೂತು ಉಪ್ಪಿಟ್ಟು ತಿಂದೆ. ಒಮ್ಮೆ ಇಡೀ ಪ್ರಯೋಗವನ್ನು ಬರೆದು ಮುಗಿಸಿ, ತಮ್ಮ ಹೆಸರಿನ ಪಕ್ಕ ನನ್ನ ಹೆಸರನ್ನೂ ಹಾಕಿ ತಂದುಕೊಟ್ಟರು. ನನ್ನ ಹೆಸರು ಬೇಡ ಸಾರ್ ಎಂದೆ.

“ಯಾಕೆ ಮೇಡಂ? ತೂಕ ಎಲ್ಲಾ ನಿಮ್ದೇ.”

“ತೂಗೋದೇನು ಸಾರ್, ಯಾರು ಬೇಕಾದ್ರೂ ತೂಗ್ತಾರೆ.”

ಅವರು ಅದನ್ನು ದೊಡ್ಡತನ ಎಂದುಕೊಂಡರು. ನನಗೆ ನಾಚಿಕೆಯಾಯಿತು, ಆದರೂ ಬಾಯಿ ತೆರೆಯಲಿಲ್ಲ. ಪುಣ್ಯಕ್ಕೆ ಅವರು ಅದನ್ನು ಎಲ್ಲಿಗೂ ಕಳಿಸಲಿಲ್ಲ. ಅವರಿಗೆ ಇನ್ನೊಂದು ಸಲ ನೋಡಬೇಕಿತ್ತು.

ಅಜ್ಜಿ ಕಳೆದ ವರ್ಷ ಮಾಘದಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿಸಿ ಅವರು ಮತ್ತೆ ಬಿತ್ತಿದರು. ಆ ಬೆಳೆಯಲ್ಲಿ ಎಂಟು ಪೆಟ್ಟಿಗೆಗಳೂ ಒಂದೇ ಸಮ ಬಂದವು. ತೂಗಿ ನಂಬರುಗಳ ಪಕ್ಕ ಬರೆದುಕೊಟ್ಟೆ. ಹಾಳೆಯನ್ನು ಬಹಳ ಹೊತ್ತು ನೋಡಿದರು. ಟ್ರಾನ್ಸ್‌ಫಾರ್ಮರಿಗೆ ಮೀಟರ್ ಹಿಡಿದರು, ಗಾಜಿಗೆ ತಟ್ಟಿದರು, ವೋಲ್ಟೇಜ್ ಸರಿಯಾಗಿತ್ತು. ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟರು. ಅವರು ಹಾಗೆ ಕೂತಿದ್ದನ್ನು ನಾನು ನೋಡಿದ್ದು ಆವತ್ತೇ.

“ಎಲ್ಲಾ ಸರಿಯಾಗೈತೆ ಮೇಡಂ. ಆದ್ರೂ ಬಂದಿಲ್ಲ. ಎಲ್ಲಿ ತಪ್ತು ಅಂತ ಹುಡುಕಕ್ಕೆ ಈಗ ಮೈಯಲ್ಲಿ ತ್ರಾಣ ಇಲ್ಲ.”

ಆಗ ಹೇಳಿದೆ. ಚೊಂಬು, ಚಿಪ್ಪು, ಬೂದಿ, ಸಗಣಿ, ಸ್ವಿಚ್ ಎಲ್ಲವನ್ನೂ. ಅವರು ಮೊದಲು ನಕ್ಕರು. ಬಾಯಿಲ್ಲದ ಪೈರು ಎಂದು ಅಜ್ಜಿ ಅಂದದ್ದನ್ನು ಹೇಳಿದಾಗ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು. “ನಿಮಗ್ ಯಾವಾಗ ಗೊತ್ತಾಯ್ತು ಮೇಡಂ?”

“ನೀವು ರಿಟೈರ್ ಆದ ತಿಂಗಳು.”

ಕೆಳಗೆ ರಸ್ತೆಯಲ್ಲಿ ಸೊಪ್ಪಿನ ಗಾಡಿಯವನ ಧ್ವನಿವರ್ಧಕ ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿತ್ತು. ಅವರು ನನ್ನ ಕಡೆ ನೋಡದೆ ಮಾತಾಡಿದರು. “ಅವ್ವನ್ನ ನಾನೇನ್ ಬೈತಿದ್ನಾ ಮೇಡಂ? ಇನ್ನೆರಡು ಪೆಟ್ಟಿಗೆ ತಂದಿಟ್ಟು, ಅವ್ವ, ನೀನು ಇವಕ್ಕೆ ಹಾಕ್ಕೋ ಅಂತಿದ್ದೆ. ಆ ಎಂಟನ್ನ ಮತ್ತೆ ಮೊದಲಿಂದ ಮಾಡ್ತಿದ್ದೆ. ಆವಾಗ ಕೈಕಾಲ್ ಗಟ್ಟಿ ಇತ್ತು.”

ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು, ಟೀ ಕುಡಿದು ಹೋಗಿ ಮೇಡಂ ಎಂದರು. ಟೀ ಅವರೇ ಮಾಡಿದರು. ಎರಡು ಪೆಟ್ಟಿಗೆಯಷ್ಟು ಸುಲಭದ ಪರಿಹಾರವೊಂದು ನನಗೆ ಎರಡು ವರ್ಷ ಹೊಳೆದಿರಲಿಲ್ಲ.

ಮುಂದಿನ ತಿಂಗಳು ಹಳೆಯ ಮಣ್ಣನ್ನೆಲ್ಲ ಸುರಿದು, ಹೊಸ ಮಣ್ಣು ತೂಗಿ ತುಂಬಿಸಿ ಮತ್ತೆ ಬಿತ್ತಿದರು. ಟೆರೇಸಿನ ಬಾಗಿಲಿಗೆ ಬೀಗ. ಡಯಾಲಿಸಿಸ್ ವಾರಕ್ಕೆ ಮೂರಾಗಿತ್ತು. ಅಲ್ಲಿಂದ ಬಂದ ಸಂಜೆ ಮೆಟ್ಟಿಲು ಹತ್ತಲು ಆಗದೆ ಒಂದೊಂದು ಮೆಟ್ಟಿಲಿಗೂ ನಿಂತು ಹತ್ತುತ್ತಿದ್ದರೆಂದು ಬಾಡಿಗೆಯವರು ಹೇಳಿದರು. ನಾನು ಫೋನ್ ಮಾಡಿದರೆ ತಮ್ಮ ವಿಷಯ ಹೇಳುತ್ತಿರಲಿಲ್ಲ. “ಹೊಡೆ ಕಟ್ಟೈತೆ ಮೇಡಂ, ಇನ್ನೇನು ತೆನೆ ಬರ್ತದೆ” ಎನ್ನುತ್ತಿದ್ದರು. ತೆನೆ ಬಂದಿತು. ಕಾಳಿಗೆ ಹಾಲು ತುಂಬುವ ಹೊತ್ತಿಗೆ ಅವರು ಹೋದರು.

ತಿಂಗಳು ಕಳೆಯುವ ಹೊತ್ತಿಗೆ ಮಗಳು ಫೋನ್ ಮಾಡಿದಳು. ಬ್ಯಾಂಕಿನಲ್ಲಿ ಕೆಲಸ, ಅಪ್ಪನ ಹಾಗೆಯೇ ನಿಧಾನ ಮಾತು. “ಆಂಟಿ, ಮನೆ ಖಾಲಿ ಮಾಡ್ತಾ ಇದೀವಿ. ಮೇಲಿರೋ ರಾಗಿ ಏನ್ ಮಾಡೋದು? ನಾನು ಬ್ಯಾಡರಹಳ್ಳಿಯಿಂದ ಬಂದು ದಿನಾ ನೀರು ಹಾಕಿದೀನಿ. ಅಪ್ಪ ಅಳತೆ ಬರೆದಿಟ್ಟಿದ್ರು. ಸ್ವಿಚ್ಚೂ ಅವರು ಹೇಳಿದ ಟೈಮಿಗೇ ಹಾಕಿದೀನಿ.”

ಹೋದೆ. ಇಬ್ಬರೂ ಸೇರಿ ಕೊಯ್ದೆವು, ಬಿಸಿಲಿಗೆ ಹರಡಿದೆವು, ಎರಡು ದಿನ ಬಿಟ್ಟು ಬಡಿದು ತೂರಿದೆವು. ಯಾವ ನಂಬರಿಗೆ ಕರೆಂಟ್ ಎಂದು ನನಗೆ ಹೇಳಬೇಡ ಎಂದು ಅವಳಿಗೆ ಮೊದಲೇ ಹೇಳಿದ್ದೆ. ಎಂಟನ್ನೂ ತೂಗಿ ಬರೆದ ಮೇಲೆ ಅವಳು ಕರೆಂಟ್ ಇದ್ದ ನಾಲ್ಕು ನಂಬರುಗಳ ಕೆಳಗೆ ಗೆರೆ ಎಳೆದಳು. ಆ ನಾಲ್ಕರಲ್ಲಿ ಮೂರು, ಉಳಿದವಕ್ಕಿಂತ ಸ್ವಲ್ಪ ಹೆಚ್ಚು ತೂಗಿದ್ದವು. ಸ್ವಲ್ಪವೇ. ಒಂದು ಹಿಡಿಯೂ ಆಗದಷ್ಟು.

ಅವಳು ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. “ಆಂಟಿ, ಅಪ್ಪ ನಂಬಿದ್ದು ನಿಜಾನಾ ಹಾಗಾದ್ರೆ?”

“ಒಂದು ಬೆಳೇಲಿ ಹೇಳಕ್ಕಾಗಲ್ಲಮ್ಮ. ಇಷ್ಟು ವ್ಯತ್ಯಾಸ ಸುಮ್ನೇನೂ ಬರಬಹುದು. ಇದೇ ಥರ ಇನ್ನೂ ಐದಾರು ಬೆಳೆ ತೆಗೆದಿದ್ರೆ ಗೊತ್ತಾಗ್ತಿತ್ತು.”

“ಪಾಪ, ಅಪ್ಪಂಗೆ ಅಷ್ಟು ಟೈಮ್ ಸಿಗ್ಲಿಲ್ಲ.”

ಅಲ್ಲಿಗೇ ಬಿಟ್ಟುಬಿಡಬಹುದಿತ್ತು. ಅವಳು ಚೀಲ ಕಟ್ಟುತ್ತಿದ್ದಳು, ನನಗೆ ಮೆಟ್ರೋ ಹಿಡಿಯಬೇಕಿತ್ತು. “ಟೈಮ್ ಇತ್ತಮ್ಮ” ಎಂದೆ. “ಎರಡು ವರ್ಷ ಇತ್ತು. ಆರು ಬೆಳೆ. ನಿಮ್ಮಜ್ಜಿ ಗೊಬ್ಬರ ಹಾಕ್ತಿದ್ದದ್ದು ನಂಗೆ ಗೊತ್ತಿತ್ತು. ನಾನು ಹೇಳ್ಲಿಲ್ಲ.”

ಅಜ್ಜಿಯ ವಿಷಯ ಅಪ್ಪನಿಂದ ಅವಳಿಗೆ ಗೊತ್ತಿತ್ತು. ನನ್ನ ವಿಷಯ ಗೊತ್ತಿರಲಿಲ್ಲ. ಅವರು ಅದನ್ನು ಮಗಳಿಗೂ ಹೇಳಿರಲಿಲ್ಲ. ಅವಳು ಚೀಲವನ್ನು ಕೆಳಗಿಟ್ಟಳು.

“ಯಾಕಾಂಟಿ ಹೇಳ್ಲಿಲ್ಲ?”

ಅಜ್ಜಿ ಬೇಡ ಅಂದದ್ದು, ಬೀಳ್ಕೊಡುಗೆ, ಅವರ ಕಾಯಿಲೆ, ಅವರ ಮನಸ್ಸು, ನನಗೆ ನಾನೇ ಹೇಳಿಕೊಂಡು ಬಂದ ಕಾರಣಗಳೆಲ್ಲ ಬಾಯಿಯವರೆಗೆ ಬಂದವು. ಅವಳ ಮುಖ ನೋಡಿ ಅವನ್ನು ಹೇಳಲಾಗಲಿಲ್ಲ.

“ಹೇಳಿದ್ರೆ ಎಲ್ಲಾ ಮೊದಲಿಂದ ಶುರು ಮಾಡ್ಬೇಕಾಗಿತ್ತಮ್ಮ” ಎಂದೆ. “ಕೊಯ್ಯೋದು, ಒಣಗಿಸೋದು, ತೂಗೋದು. ನಂಗೆ ಸಾಕಾಗಿತ್ತು.”